ಮಿನುಗುವ ಇಂಜಿನ್ ದೀಪ: ಯಾರ ಮಾತು ಕೇಳಬೇಕು?

ಪ್ರಶ್ನೆ: ಅಣ್ಣಾರ, ನಮ್ಮದು ಲೋಹಾರಾ ತಾಲೂಕಿನ ಒಂದು ಹಳ್ಳಿ. ಶಾಲಿ ಟೀಚರ್ ಇದ್ದೀನಿ. ಅತ್ತಿಯವ್ರನ್ನ ತಿಂಗಳಿಗೊಮ್ಮೆ ಸೊಲ್ಲಾಪುರದ ದವಾಖಾನಿಗೆ ಕರ್ಕೊಂಡು ಹೋಗಲಿಕ್ಕಂತ ಒಂದು ಹಳೇ ಪೆಟ್ರೋಲ್ ಕಾರು ತಗೊಂಡೀವಿ. ಈಗ ಮೀಟರಿನ್ಯಾಗ ಇಂಜಿನ್ ಚಿತ್ರದ ಹಳದಿ ಲೈಟ್ ಪಿಳಿಪಿಳಿ ಅಂತದ. ಏರಿನ್ಯಾಗ ಗಾಡಿ ಎಳಿಯಂಗಿಲ್ಲ, ಜರ್ಕ್ ಹೊಡಿತದ. ಮಿಸ್ತ್ರಿ ಬ್ಯಾಟರಿ ವೈರ್ ಬಿಚ್ಚಿ ಹಾಕಿದ, ಲೈಟ್ ಹೋತು. ಎರಡ ದಿನಕ್ಕ ಮತ್ತ ಬಂತು. ಈಗ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿ ಮಾಡಬೇಕು ಅಂತಾನ. ಪುಣೆದಾಗಿರೋ ನಮ್ಮನಿಯವ್ರು ‘ಹಂಗ ಓಡಿಸು, ಏನೂ ಆಗಂಗಿಲ್ಲ’ ಅಂತಾರ. ನನಗ ಗಾಡಿ ತಿಳಿಯಂಗಿಲ್ಲ ಅಂತ ಇಬ್ಬರೂ ನನ್ನ ಮಾತು ಕಿವಿಗಿ ಹಾಕ್ಕೊಳ್ಳಂಗಿಲ್ಲ. ಮುಂದಿನ ವಾರ ಸೊಲ್ಲಾಪುರಕ್ಕ ಹೋಗಬೇಕು. ಏನ್ ಮಾಡ್ಲಿ?

ಉತ್ತರ: ಅಕ್ಕಾರ, ಮುಂದಿನ ವಾರ ಈ ಕಾರಿನಲ್ಲಿ ಸೊಲ್ಲಾಪುರಕ್ಕೆ ಹೋಗಬೇಡಿ. ಅತ್ತೆಯವರ ತಾರೀಖನ್ನೂ ತಪ್ಪಿಸಬೇಡಿ. ಎಸ್‌ಟಿ ಬಸ್ಸು ಹಿಡಿಯಿರಿ. ಬಸ್ಸಿನಲ್ಲಿ ಕೂರುವುದು ಅವರಿಗೆ ಆಗದಿದ್ದರೆ ಒಂದು ದಿನದ ಮಟ್ಟಿಗೆ ಬಾಡಿಗೆ ಗಾಡಿ ಮಾಡಿ. ಆ ಖರ್ಚು ಈಗ ಹೆಚ್ಚೆನಿಸಬಹುದು. ಮಿನುಗುವ ದೀಪ ಇಟ್ಟುಕೊಂಡು ಹೋಗಿ ಬಂದರೆ ತಗಲುವ ಖರ್ಚು ಅದಕ್ಕಿಂತ ಬಹಳ ದೊಡ್ಡದು.

ನಿಮಗೆ ಗಾಡಿ ತಿಳಿಯುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದೀಪ ಪಿಳಿಪಿಳಿ ಅನ್ನುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಜರ್ಕ್ ಹೊಡೆಯುತ್ತದೆ ಎಂದು ಬರೆದಿದ್ದೀರಿ. ರೋಗ ಗುರುತಿಸಲು ಒಳ್ಳೆಯ ಮಿಸ್ತ್ರಿ ಮೊದಲು ಕೇಳುವುದೇ ಇವನ್ನು. ಅದೇ ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿದ್ದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾಗಿರಬಹುದು, ಯಾವುದೋ ಸೆನ್ಸರ್ ಕೆಟ್ಟಿರಬಹುದು. ಗಾಡಿ ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಒಯ್ಯಬಹುದಿತ್ತು. ಮಿನುಗುವ ದೀಪದ ಮಾತೇ ಬೇರೆ. ಯಾವುದೋ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಗ್ಯಾರೇಜಿನ ಮಾತಿನಲ್ಲಿ ಗಾಡಿ ‘ಮಿಸ್ಸಿಂಗ್’ ಹೊಡೆಯುತ್ತಿದೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ಪೈಪಿಗೆ ಹರಿದು, ಹೊಗೆ ಶುದ್ಧ ಮಾಡುವ ಕನ್ವರ್ಟರಿನೊಳಗೆ ಹೊತ್ತಿಕೊಳ್ಳುತ್ತದೆ. ಅಲ್ಲಿರುವುದು ಜೇನುಹುಟ್ಟಿನಂತೆ ಸಣ್ಣ ಸಣ್ಣ ತೂತಿನ ಪಿಂಗಾಣಿ. ಕಾವು ಮಿತಿಮೀರಿದರೆ ಅದು ಕರಗಿ, ದಾರಿ ಕಟ್ಟಿ, ಹೊಗೆ ಹೊರಗೆ ಹೋಗದಂತಾಗುತ್ತದೆ. ನಿಮ್ಮ ಕಡೆ ಸುಗ್ಗಿಯಲ್ಲಿ ರಾಶಿ ಮಾಡಲು ರಸ್ತೆಯ ಮೇಲೆ ಕಾಳಿನ ಬಳ್ಳಿ, ಹೊಟ್ಟು ಹರಡಿರುತ್ತಾರಲ್ಲ, ಅದರ ಮೇಲೆ ಅಷ್ಟು ಕಾದ ಗಾಡಿ ನಿಂತರೆ ಬೆಂಕಿಯೇ ಬೀಳಬಹುದು. ಪುಣೆಯಲ್ಲಿ ಕೂತು ‘ಹಂಗ ಓಡಿಸು’ ಅನ್ನುವವರಿಗೆ ಇದನ್ನು ಹೇಳಿ. ಮಿನುಗುವ ಮೀಟರ್, ಇಂಜಿನ್ನಿನ ಸದ್ದು ಎರಡೂ ಬರುವಂತೆ ಒಂದು ವಿಡಿಯೋ ತೆಗೆದು ಕಳಿಸಿ. ನೋಡಿದ ಮೇಲೆ ಅವರೂ ಹಾಗೆ ಹೇಳಲಾರರು.

ಇನ್ನು ನಿಮ್ಮ ಮಿಸ್ತ್ರಿ. ಕನ್ವರ್ಟರ್ ಕೆಟ್ಟಿರಲೂಬಹುದು, ಆದರೆ ಅದನ್ನು ಕೆಡಿಸಿದ್ದು ಯಾವುದು ಎಂದು ಅವನು ಇನ್ನೂ ಹುಡುಕಿಲ್ಲ. ಮಿಸ್ಸಿಂಗ್ ನಿಲ್ಲಿಸದೆ ಹೊಸದನ್ನು ಹಾಕಿದರೆ ಹೊಸದೂ ಸುಟ್ಟುಹೋಗುತ್ತದೆ. ಬ್ಯಾಟರಿ ವೈರ್ ಬಿಚ್ಚಿದ್ದು ನನಗೆ ಇನ್ನೂ ಬೇಸರದ ಸಂಗತಿ. ತೊಂದರೆ ಬಂದ ಕ್ಷಣದಲ್ಲೇ ಕಾರಿನ ಕಂಪ್ಯೂಟರ್ ಒಂದು ಕೋಡ್ ಬರೆದಿಡುತ್ತದೆ. ಆಗ ಇಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿತ್ತು, ಎಷ್ಟು ಕಾದಿತ್ತು ಎಂಬುದನ್ನೂ ಇಟ್ಟುಕೊಂಡಿರುತ್ತದೆ. ವೈರ್ ಬಿಚ್ಚಿದರೆ ಆ ಸಾಕ್ಷಿ ಅಳಿಸಿಹೋಗಬಹುದು. ಈಗ ದೀಪ ಮತ್ತೆ ಬಂದಿರುವುದರಿಂದ ಕೋಡ್ ಮತ್ತೆ ಕೂತಿರುತ್ತದೆ. ಯಾರಿಗೂ ಅದನ್ನು ಅಳಿಸಲು ಬಿಡಬೇಡಿ.

ಭಾರತದಲ್ಲಿ 2013ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಸಾಮಾನ್ಯವಾಗಿ ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ; ಕೋಡ್ ಓದುವ ಸ್ಕ್ಯಾನರನ್ನು ಜೋಡಿಸುವುದು ಅದಕ್ಕೇ. ಸ್ಕ್ಯಾನರ್ ಇರುವ ಗ್ಯಾರೇಜು ಉಮರ್ಗಾದಲ್ಲಿ ಸಿಗದಿದ್ದರೆ ಲಾತೂರಿನಿಂದ ಯಾರನ್ನಾದರೂ ಕರೆಸಿ. ಫೋನಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಸಾವಿರ ರೂಪಾಯಿಯೊಳಗೂ ಬರುತ್ತದೆ, ನೀವೇ ಹಚ್ಚಿ ನೋಡಬಹುದು. ಪಿ0301 ಬಂದರೆ ಒಂದನೇ ಸಿಲಿಂಡರ್, ಪಿ0302 ಬಂದರೆ ಎರಡನೆಯದು, ಹೀಗೆ. ಪಿ0300 ಅಂದರೆ ತೊಂದರೆ ಒಂದೇ ಸಿಲಿಂಡರಿಗೆ ಕಟ್ಟುಬಿದ್ದಿಲ್ಲ. ಆಗ ಪೆಟ್ರೋಲಿನಲ್ಲಿ ನೀರು, ಪಂಪಿನ ಒತ್ತಡ, ಗಾಳಿ ಸೋರುವ ಪೈಪು ಇವುಗಳ ಕಡೆ ನೋಡಬೇಕು. ಪೆಟ್ರೋಲ್ ಹಾಕಿಸಿದ ಮರುಗಳಿಗೆಯಿಂದ ಶುರುವಾಗಿದ್ದರೆ ಅದನ್ನೂ ಹೇಳಿ. ಪಿ0420 ಕಂಡರೆ ಕನ್ವರ್ಟರ್ ಮೇಲೆ ಅನುಮಾನ. ಎರಡು ಬಗೆಯವೂ ಒಟ್ಟಿಗೆ ಬಂದರೆ ಮಿಸ್ಸಿಂಗ್‌ನದು ಮೊದಲು.

ಎರಡನೇ ಸಿಲಿಂಡರ್ ಅಂತ ಬಂತು ಅನ್ನಿ. ಪ್ರತಿ ಸಿಲಿಂಡರಿಗೂ ಬೇರೆ ಇಗ್ನಿಷನ್ ಕಾಯಿಲ್ ಇರುವ ಗಾಡಿಯಾದರೆ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೂ, ಮೂರನೆಯದನ್ನು ಎರಡಕ್ಕೂ ಹಾಕಿ ನೋಡಲು ಹೇಳಿ. ಕೋಡ್ ಪಿ0303ಕ್ಕೆ ಜಿಗಿದರೆ ಕಾಯಿಲ್ ಕೆಟ್ಟಿದೆ, ಒಂದು ರೂಪಾಯಿಯ ಸಾಮಾನು ಕೊಳ್ಳದೆ ಗೊತ್ತಾಯಿತು. ಜಿಗಿಯದಿದ್ದರೆ ಪ್ಲಗ್ ಬಿಚ್ಚಿಸಿ. ತುದಿ ತಿಳಿಗಂದು ಬಣ್ಣ ಇದ್ದರೆ ಸರಿ. ಮಸಿ ಹಿಡಿದಿದ್ದರೆ, ಪೆಟ್ರೋಲಿನಲ್ಲಿ ತೊಯ್ದಿದ್ದರೆ, ಬಿಳಿ ಪಿಂಗಾಣಿ ಸೀಳಿದ್ದರೆ ಎಲ್ಲ ಪ್ಲಗ್ಗುಗಳನ್ನೂ ಒಟ್ಟಿಗೆ ಬದಲಿಸಿ. ಪ್ಲಗ್ ಇರುವ ಗುಂಡಿಯಲ್ಲಿ ನೀರೋ ಆಯಿಲೋ ನಿಂತಿದೆಯೇ ಎಂದು ಇಣುಕಿ ನೋಡಿ. ಹಳ್ಳಿಯ ಅಂಗಳದಲ್ಲಿ ನಿಲ್ಲುವ ಗಾಡಿಗೆ ಇಲಿಗಳ ಕಾಟವೂ ಉಂಟು, ಇಂಜೆಕ್ಟರಿನ ವೈರ್ ಕಡಿದಿರಬಹುದು. ಇವೆಲ್ಲ ಸರಿಯಿದ್ದರೆ ಮಾತ್ರ ಇಂಜೆಕ್ಟರ್, ಆಮೇಲೆ ಕಂಪ್ರೆಷನ್. ಪ್ಲಗ್ಗಿಗೆ ನೂರರ ಲೆಕ್ಕ, ಕಾಯಿಲಿಗೆ ಸಾವಿರದ ಲೆಕ್ಕ, ಕನ್ವರ್ಟರಿಗೆ ಹತ್ತಾರು ಸಾವಿರದ ಲೆಕ್ಕ; ಆದ್ದರಿಂದ ಈ ಸಾಲನ್ನು ತಿರುವು ಮುರುವು ಮಾಡಲು ಒಪ್ಪಬೇಡಿ.

ಮಿಸ್ತ್ರಿಯ ಹತ್ತಿರ ಜಗಳ ಬೇಡ. ‘ಯಾವ ಕೋಡ್ ಬಂತು, ಯಾವ ಸಿಲಿಂಡರ್’ ಎಂದು ಕೇಳಿ, ಫೋಟೋ ತೆಗೆದುಕೊಳ್ಳಿ. ತೆಗೆದ ಸಾಮಾನನ್ನು ಕೈಗೆ ಕೊಡಲು ಹೇಳಿ. ಕಡೆಗೆ ಕನ್ವರ್ಟರೇ ಬದಲಾಯಿಸಬೇಕಾಗಿ ಬಂದರೆ ಹಳೆಯದನ್ನು ಬಿಟ್ಟುಬರಬೇಡಿ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಬೆಲೆಬಾಳುವ ಲೋಹಗಳಿರುತ್ತವೆ, ಗುಜರಿಯಲ್ಲೂ ಬೆಲೆ ಉಂಟು. ‘ಒಳಗಿನದನ್ನು ಒಡೆದು ಖಾಲಿ ಡಬ್ಬ ಕೂಡಿಸ್ತೀನಿ’ ಅಂದರೆ ಮಾತ್ರ ಬೇಡವೇ ಬೇಡ.

ರಿಪೇರಿಯಾದ ಮೇಲೆ ಕೋಡನ್ನು ಸ್ಕ್ಯಾನರಿನಿಂದಲೇ ಅಳಿಸಿ, ಮಿಸ್ತ್ರಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದು ಏರು ಹತ್ತಿಸಿ ನೋಡಿ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ತೋರಿಸಿದರೆ ಸಾಲದು, ಭಾರ ಬಿದ್ದಾಗಲೇ ಮಿಸ್ಸಿಂಗ್ ಹೊರಗೆ ಬರುವುದು. ಕೆಲವು ದಿನ ಶಾಲೆಗೆ ಓಡಿಸಿ, ದೀಪ ಬಾರದಿದ್ದರೆ ಮುಂದಿನ ತಿಂಗಳು ಅತ್ತೆಯವರನ್ನು ಇದರಲ್ಲೇ ಕರೆದೊಯ್ಯಿರಿ. ಜಳಕೋಟ, ನಳದುರ್ಗದ ದಾರಿಯಲ್ಲಿ ಮತ್ತೆ ಮಿನುಗಿದರೆ ಏಸಿ ಆರಿಸಿ, ಕಾಲು ಸಡಿಲಿಸಿ. ಆಗಲೂ ನಿಲ್ಲದಿದ್ದರೆ ಬದಿಗೆ, ಒಣಹುಲ್ಲಿಲ್ಲದ ಕಡೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿ, ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಹಚ್ಚಿ.