ಮುಕ್ತ ತಂತ್ರಾಂಶದ ಒಡೆತನ ಯಾರದು?

ಬಂಟ್ವಾಳ–ಬೆಳ್ತಂಗಡಿ ಹೆದ್ದಾರಿಯ ಪುಂಜಾಲಕಟ್ಟೆಯೇ ಮೊದಲಾದ ಊರುಗಳಿರುವ ದಕ್ಷಿಣ ಕನ್ನಡದಲ್ಲಿ, ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣುಗಳ ‘ಕಟ್ಟ’ ಹಾಕಿ ಅಡಕೆ ತೋಟಗಳಿಗೆ ನೀರುಣಿಸುವುದು ಕೃಷಿಕರ ಹಳೆಯ ರೂಢಿ. ಮಳೆಗಾಲದಲ್ಲಿ ಕೊಚ್ಚಿಹೋಗುವ ಕಟ್ಟವನ್ನು ವರ್ಷವರ್ಷವೂ ಕೂಡಿ ಕಟ್ಟಬೇಕು. ಆಗ ಮೂರು ಪ್ರಶ್ನೆಗಳು ಏಳುತ್ತವೆ. ಕಟ್ಟ ಯಾರದು? ನೀರು ಯಾರಿಗೆ, ಯಾವ ಕರಾರಿನ ಮೇಲೆ? ಕಟ್ಟುವ ಹೊಣೆ ಯಾರದು? ಗಣಕಯಂತ್ರದ ಮುಕ್ತ ತಂತ್ರಾಂಶಕ್ಕೂ ಇವೇ ಪ್ರಶ್ನೆಗಳು ಅನ್ವಯಿಸುತ್ತವೆ. ಇವನ್ನು ಕ್ರಮವಾಗಿ ಒಡೆತನ, ಪರವಾನಗಿ, ಆಡಳಿತ ಎನ್ನಬಹುದು.

ಇದೇ ಜಿಲ್ಲೆಯ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಕೆ. ಪಿ. ರಾವ್ ಅವರು, ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡವನ್ನು ಬರೆಯುವ ವಿನ್ಯಾಸವನ್ನು ರೂಪಿಸಿ, ‘ಸೇಡಿಯಾಪು’ ತಂತ್ರಾಂಶದೊಡನೆ ಉಚಿತವಾಗಿ ನೀಡಿದರು. ಕರ್ನಾಟಕ ಸರ್ಕಾರದ ಪ್ರಮಾಣಿತ ವಿನ್ಯಾಸಕ್ಕೂ ಕನ್ನಡ ಗಣಕ ಪರಿಷತ್ತಿನ ‘ನುಡಿ’ಗೂ ಅದೇ ಆಧಾರವಾಯಿತು.

ಆದರೆ ಉಚಿತವಾದುದೆಲ್ಲವೂ ಮುಕ್ತವಲ್ಲ. 1998ರಲ್ಲಿ ಹೊರಬಂದ ‘ಬರಹ’ ತಂತ್ರಾಂಶವು ಹಲವು ವರ್ಷ ಉಚಿತವಾಗಿದ್ದು, ಅನಂತರದ ಆವೃತ್ತಿಗಳಿಗೆ ಬೆಲೆ ನಿಗದಿಯಾಯಿತು. ಅದು ಕರ್ತೃವಿನ ನ್ಯಾಯಬದ್ಧ ಹಕ್ಕು. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ತಂತ್ರಾಂಶವೂ ಸಾಹಿತ್ಯಕೃತಿಯೇ. ಕರ್ತೃವಿನ ಮರಣಾನಂತರವೂ 60 ವರ್ಷ ಆ ಸ್ವಾಮ್ಯ ಉಳಿಯುತ್ತದೆ. ಲಿಖಿತ ಪರವಾನಗಿ ಇಲ್ಲದಿದ್ದಲ್ಲಿ, ವಾರಸುದಾರರ ಅನುಮತಿಯಿಲ್ಲದೆ ಅದನ್ನು ತಿದ್ದಿ ಹಂಚುವ ಅಧಿಕಾರ ಯಾರಿಗೂ ಇರದು. ಯಂತ್ರಗಳು ಬದಲಾದಂತೆ, ತಿದ್ದುವವರಿಲ್ಲದ ಕೊಡುಗೆ ನಿರುಪಯುಕ್ತವಾಗುತ್ತದೆ.

ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಪ್ರಕಟಿಸಿದ ಗ್ನೂ ಸಾರ್ವಜನಿಕ ಪರವಾನಗಿಯು ಈ ತೊಡಕಿಗೆ ಪರಿಹಾರವನ್ನು ತೋರಿತು. ಅದರಂತೆ ಒಡೆತನ ಕರ್ತೃವಿನದೇ. ಆದರೆ ಯಾರಾದರೂ ತಂತ್ರಾಂಶವನ್ನು ಬಳಸಬಹುದು, ಮೂಲ ಸಂಕೇತವನ್ನು ಓದಿ ತಿದ್ದಬಹುದು, ಮಾರಲೂಬಹುದು. ತಿದ್ದಿದುದನ್ನು ಹಂಚುವವರು, ಪಡೆಯುವವರಿಗೂ ಮೂಲ ಸಂಕೇತದೊಡನೆ ಅದೇ ಹಕ್ಕುಗಳನ್ನು ನೀಡತಕ್ಕದ್ದು. ಕನ್ನಡದ ‘ಗುಬ್ಬಿ’ ಅಕ್ಷರಶೈಲಿಯು ಈ ಪರವಾನಗಿಗೆ ಒಳಪಟ್ಟಿದೆ.

ಇನ್ನು ಆಡಳಿತದ ವಿಚಾರ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಮರುವರ್ಷ ಇದೇ ಪರವಾನಗಿಗೆ ಒಳಪಟ್ಟಿತು. ಅದರ ಸ್ವಾಮ್ಯ ಸಾವಿರಾರು ಲೇಖಕರಲ್ಲಿ ಹಂಚಿಹೋಗಿರುವುದರಿಂದ ಯಾರೊಬ್ಬರೂ ಅದನ್ನು ತಮ್ಮದಾಗಿಸಿಕೊಳ್ಳಲಾರರು. ಬಂದ ತಿದ್ದುಪಡಿಗಳನ್ನು ಆಯಾ ವಿಭಾಗದ ನಿರ್ವಾಹಕರು ಪರಿಶೀಲಿಸುತ್ತಾರೆ. ಅವರ ತೀರ್ಮಾನವನ್ನು ಒಪ್ಪದವರು ಪ್ರತಿಯೊಂದನ್ನು ತೆಗೆದುಕೊಂಡು ಬೇರೆ ಕವಲಾಗಿ ಬೆಳೆಸಬಹುದು. ‘ಲಿನಕ್ಸ್’ ಎಂಬ ಹೆಸರು ಮಾತ್ರ ಟೋರ್ವಾಲ್ಡ್ಸರ ವಾಣಿಜ್ಯಮುದ್ರೆ.

ಪರವಾನಗಿಯು ಹಕ್ಕನ್ನು ಕಾಯುತ್ತದೆಯೇ ಹೊರತು ದುರಸ್ತಿಯನ್ನು ಮಾಡುವುದಿಲ್ಲ. ಅದಕ್ಕೆ ಕಟ್ಟ ಹಾಕುವವರಂತೆ ಹೊಣೆಯರಿತ ಜನ ಬೇಕು. ಆದುದರಿಂದ ಶಾಲೆಯೊಂದರಲ್ಲಿ ಅಧ್ಯಾಪಕರೋ ವಿದ್ಯಾರ್ಥಿಗಳೋ ದಾನಿಗಳ ನೆರವಿನಿಂದ ತಂತ್ರಾಂಶವನ್ನು ರಚಿಸುವಾಗ, ಸ್ವಾಮ್ಯ ಯಾರದು, ಪರವಾನಗಿ ಯಾವುದು, ಮುಂದಿನ ನಿರ್ವಾಹಕರು ಯಾರು ಎಂಬುದನ್ನು ಆರಂಭದಲ್ಲಿಯೇ ಬರೆದಿಡುವುದು ಯುಕ್ತ.