ನೋಡಿದವನು ಬಾಯಿ ಬಿಡಬೇಕು

ಅಜ್ಜಂಪುರ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಮೊನ್ನೆ ತರೀಕೆರೆಯಿಂದ ನಿನ್ನ ಅಮ್ಮ ಫೋನ್ ಮಾಡಿದ್ದಳು. ನಿಮ್ಮ ಹಡಗಿನ ಕೆಡೆಟ್ ಹುಡುಗ, ಚೀಫ್ ಆಫೀಸರ್ ಕಿರುಕುಳ ಕೊಡುತ್ತಾನೆಂದು ದೂರು ಕೊಟ್ಟಿದ್ದಾನಂತೆ. ನಡೆದದ್ದನ್ನೆಲ್ಲ ಕಣ್ಣಾರೆ ಕಂಡ ನೀನು ಮಾತ್ರ "ನನಗ್ಯಾಕೆ ಊರ ಉಸಾಬರಿ, ಇನ್ನೆರಡು ತಿಂಗಳಿಗೆ ಸೈನ್ ಆಫ್ ಆಗಿ ಇಳಿಯುತ್ತೇನೆ" ಅಂದೆಯಂತೆ. ಕೇಳಿ ನನಗೆ ರಾತ್ರಿ ಊಟ ಸೇರಲಿಲ್ಲ. ನಿನ್ನ ಹಾಗೇ ಯೋಚಿಸುವ ಹುಡುಗರು ಇನ್ನೂ ಇರಬಹುದೆಂದು ಇದನ್ನು ಪತ್ರಿಕೆಗೇ ಕೊಡುತ್ತಿದ್ದೇನೆ. ಹೆಸರು ಹಾಕಿಲ್ಲ, ಹೆದರಬೇಡ.

ನಾನು ಹಡಗು ಹತ್ತಿದ್ದು ಎಂಬತ್ತರ ದಶಕದಲ್ಲಿ, ಎಂಜಿನ್ ರೂಮಿನ ತಳಹಂತದ ಕೆಲಸಗಾರ, ಅಂದರೆ ವೈಪರ್ ಆಗಿ. ಅಲ್ಲಿಯವರೆಗೆ ನಾನು ಕಂಡಿದ್ದ ದೊಡ್ಡ ನೀರೆಂದರೆ ಕಡೂರು ಕಡೆಯ ಮದಗದ ಕೆರೆ. ಈಜು ಬರುತ್ತಿತ್ತು, ಹಿಂದಿ ಬರುತ್ತಿರಲಿಲ್ಲ. ಸೆಕೆಂಡ್ ಎಂಜಿನಿಯರನಿಗೆ ಅಷ್ಟೇ ಸಾಕಾಯಿತು. ಅವನ ಬಾಯಲ್ಲಿ ನಾನು ಬರೀ "ಏ ಮದ್ರಾಸಿ". ವಾಚ್ ಪಾಳಿ ಮುಗಿಸಿ ಮೇಲೆ ಹತ್ತುವಷ್ಟರಲ್ಲಿ ಹಡಗಿನ ತಳದ ಬಿಲ್ಜ್ ತೊಳೆಯಲು ವಾಪಸು ಕರೆಸುವನು. ಎಂಜಿನ್ ನಿಲ್ಲಿಸಿದಾಗ ಅದಕ್ಕೆ ಗಾಳಿ ಹಾಯುವ ಸ್ಕ್ಯಾವೆಂಜ್ ಬಾಕ್ಸು ಸರಿಯಾಗಿ ಆರುವ ಮೊದಲೇ ಒಳಗೆ ನುಗ್ಗಿಸುವನು. ಮಸಿ, ಜಿಡ್ಡು ಕೆರೆದು ಹೊರಬಂದರೆ ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ಕಪ್ಪು. ದುಡಿಮೆಗೆ ನಾನು ಅಂಜಿದವನಲ್ಲ, ಈರುಳ್ಳಿ ಹೊಲದಲ್ಲಿ ಬೆನ್ನು ಬಗ್ಗಿಸಿ ಬೆಳೆದವನು. ದುಡಿಮೆಯನ್ನೇ ಶಿಕ್ಷೆ ಮಾಡಿದ್ದು ತಡೆಯಲಾಗಲಿಲ್ಲ.

ಒಂದು ದಿನ ಟೀ ಆರಿದೆ ಎಂದು ಮಗ್ಗನ್ನು ನನ್ನ ಕಾಲ ಬುಡದಲ್ಲೇ ಸುರಿದ. ತೊಟ್ಟಿದ್ದ ಬಾಯ್ಲರ್ ಸೂಟ್ ಬಿಚ್ಚಿಸಿ, ಅದರಲ್ಲೇ ಒರೆಸು ಎಂದ. ಸುತ್ತ ನಿಂತವರು ನಕ್ಕರು. ಏಣಿ ಮೆಟ್ಟಿಲಲ್ಲಿ ಕೆಟಲ್ ಹಿಡಿದು ನಿಂತಿದ್ದ ಬಂಡಾರಿ, ಅಂದರೆ ಖಲಾಸಿಗಳ ಅಡುಗೆಯವನು, ನಗಲಿಲ್ಲ.

ವಿಷಯ ಕ್ಯಾಪ್ಟನ್ ತನಕ ಹೋಯಿತು. "ನೋಡಿದವರು ಯಾರು?" ಎಂದರು. ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು. ಹಿಟ್ಟು ಮೆತ್ತಿದ ಕೈಯಲ್ಲೇ ಬಂದ ಬಂಡಾರಿ, "ನಾನು ನೋಡಿದ್ದೇನೆ ಸಾಬ್" ಅಂದ. ಅಷ್ಟೇ ಮಾತು. ಲಾಗ್‌ಬುಕ್ಕಿಗೆ ಬರೆದುಕೊಂಡರು. ಸೆಕೆಂಡ್ ಎಂಜಿನಿಯರ್ ಕ್ಷಮೆಯೇನೂ ಕೇಳಲಿಲ್ಲ, ಆದರೆ ಮಾರನೆಯ ದಿನದಿಂದ ಹೆಸರು ಹಿಡಿದು ಕರೆದ. ಬಂಡಾರಿಗೆ ಕಳೆದುಕೊಳ್ಳುವಂಥದ್ದು ಇರಲಿಲ್ಲ ಅಂತೀಯಾ? ಮದುವೆಗೆ ಬಂದ ಹೆಣ್ಣುಮಕ್ಕಳಿದ್ದರು ಅವನ ಮನೆಯಲ್ಲಿ.

ಆಗ ನಮ್ಮ ಕೈಲಿ ಏನೂ ಇರಲಿಲ್ಲ. ನಿಮ್ಮ ಕೈಲಿ ಕಾನೂನಿದೆ. ನಾವಿಕರ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದವಾದ 2006ರ ಮೆರಿಟೈಮ್ ಲೇಬರ್ ಕನ್ವೆನ್ಷನ್ನಿಗೆ ಭಾರತ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ದೂರು ಕೊಡುವ ಕ್ರಮದ ಪ್ರತಿ ಪ್ರತಿಯೊಬ್ಬ ನಾವಿಕನಿಗೂ ಸಿಗಬೇಕು. ದೂರುದಾರ ಜೊತೆಗೊಬ್ಬರನ್ನು ಕರೆದೊಯ್ಯಬಹುದು. ನೇರ ಕ್ಯಾಪ್ಟನ್ ಬಳಿಗೆ, ಬೇಕಿದ್ದರೆ ಬಂದರಿನ ಅಧಿಕಾರಿಗಳ ಬಳಿಗೂ ಹೋಗಬಹುದು. ದೂರಿದವನ ಮೇಲೆ ಹಗೆ ಸಾಧಿಸುವಂತಿಲ್ಲ. ಕೆಲಸ ತಪ್ಪಿಸಲು ಏಜೆಂಟರು ಹೆಸರಿನ ಪಟ್ಟಿ ಇಡುವುದೂ ನಿಷಿದ್ಧ. 2026ರ ಜನವರಿಯಿಂದ ನಾವಿಕರ ಮೂಲ ತರಬೇತಿಯಲ್ಲೇ ಕಿರುಕುಳ, ಲೈಂಗಿಕ ದೌರ್ಜನ್ಯ ತಡೆಯುವ ಪಾಠ ಸೇರಿದೆ. ಎಲ್ಲ ಸರಿ. ಆದರೆ ಕೊನೆಗೆ ಕ್ಯಾಪ್ಟನ್ ಕೇಳುವುದು ಅದನ್ನೇ: ನೋಡಿದವರು ಯಾರು?

ಬೈಗುಳ ಸಣ್ಣ ವಿಷಯ ಅನ್ನಬೇಡ. 1946ರ ಫೆಬ್ರುವರಿ 18ರಂದು ಮುಂಬಯಿಯ 'ತಲ್ವಾರ್' ನೌಕಾ ತರಬೇತಿ ಕೇಂದ್ರದಲ್ಲಿ ಹುಡುಗರು ಮುಷ್ಕರ ಹೂಡಿದ್ದಕ್ಕೆ ಕೆಟ್ಟ ಊಟದ ಜೊತೆಗೆ ಕಮಾಂಡರನ ಹೊಲಸು ಬಾಯಿಯೂ ಕಾರಣ. ಅದು ಕರಾಚಿಯ ತನಕ ಹಬ್ಬಿತು. "ಹುಡುಗರು ಹಾಗೇ ಪಳಗಬೇಕು" ಅನ್ನುವವರನ್ನು ನಮ್ಮೂರಿಗೆ ಕಳಿಸು. ಇಲ್ಲಿ ಅಮೃತ ಮಹಲ್ ತಳಿಯ ಹೋರಿ ಪಳಗಿಸಿದವರು ಹೇಳುತ್ತಾರೆ, ಬಡಿದರೆ ಅದು ಹಟ ಕಲಿಯುತ್ತದೆಯೇ ಹೊರತು ಕೆಲಸ ಕಲಿಯುವುದಿಲ್ಲ.

ನಿರ್ಧಾರ ನಿನ್ನದು, ಎರಡೂ ಕಡೆ ತೂಗಿ ನೋಡು. ನಿನ್ನ ಅಪ್ರೈಸಲ್ ಬರೆಯುವವನು ಅದೇ ಚೀಫ್ ಆಫೀಸರ್, ನಿಜ. ಸುಮ್ಮನಿದ್ದರೆ ಪ್ರಮೋಷನ್ ಸಲೀಸು, ಅದೂ ನಿಜ. ಆದರೆ ಹೆಗಲಿಗೆ ಒಂದು ಪಟ್ಟಿ ಏರಿದ ಕೂಡಲೇ ಕೆಡೆಟ್ ದಿನಗಳು ಮರೆತುಹೋದವೇನೋ? ನಿನ್ನಪ್ಪ ಅಡಿಕೆ ಮಾರಿ ಫೀಸು ಕಟ್ಟಿದ್ದು ಮಗ ಕತ್ತು ತಿರುಗಿಸಿಕೊಂಡು ನಿಲ್ಲಲಿ ಅಂತಲಾ? ಪೆಟ್ಟು ತಿಂದವನಿಗೇ ಧೈರ್ಯವೂ ಇರಲಿ ಅನ್ನುವುದು ಎಲ್ಲಿಯ ನ್ಯಾಯ? ಅವನಿಗೆ ನಿದ್ದೆಯಿಲ್ಲ. ನಿದ್ದೆ ಮಾಡಿ ಎದ್ದವನು ನೀನು, ನೀನು ಮಾತಾಡು.

ಬೈದೆ ಅಂತ ಬೇಸರ ಪಟ್ಟುಕೊಳ್ಳಬೇಡ. ಹೆದರಿದ್ದೀಯ ಅಂತ ಗೊತ್ತು. ಹಡಗಿನಲ್ಲಿ ಮುನಿದವನ ಎದುರಿಗೇ ಕೂತು ಉಣ್ಣಬೇಕು, ಅವನ ಪಕ್ಕದ ಕ್ಯಾಬಿನ್ನಿನಲ್ಲೇ ಮಲಗಬೇಕು. ಎದ್ದು ಮನೆಗೆ ಹೋಗುತ್ತೇನೆ ಅನ್ನಲು ದಾರಿಯಿಲ್ಲ. ಹೆದರಿಕೊಂಡೇ ಬರೆ. ಮೊದಲು ಆ ಹುಡುಗನ ಬಾಗಿಲು ತಟ್ಟಿ ಊಟವಾಯಿತಾ ಕೇಳು. ಆಮೇಲೆ ಕಂಡದ್ದನ್ನು ಬರೆ: ದಿನಾಂಕ, ಹೊತ್ತು, ಜಾಗ, ಯಾರಿದ್ದರು, ಆಡಿದ ಮಾತು ಆಡಿದ ಹಾಗೆಯೇ. ಊಹೆ ಸೇರಿಸಬೇಡ. ಸಹಿ ಹಾಕಿ ಒಂದು ಪ್ರತಿ ಇಟ್ಟುಕೋ. ಕಾಂಟ್ರಾಕ್ಟ್ ತಪ್ಪಿದರೆ ಇನ್ನೊಂದು ಸಿಗುವ ತನಕ ತೋಟ ನೋಡಿಕೊಂಡಿರು. ಅಮ್ಮನನ್ನು ಒಪ್ಪಿಸುವುದು ನನ್ನ ಪಾಲಿಗಿರಲಿ.

ಇಂತಿ,
ನಿನ್ನ ಸೋದರಮಾವ