ಆ ಹೊತ್ತಿನಲ್ಲಿ ನಮ್ಮ ಮಾತು ಕೇಳಬೇಡಿ

ಮಕ್ಕಳೇ, ಹಿರಿಯರ ಮಾತು ಮೀರಬಾರದು ಎಂದು ಚಿಕ್ಕಂದಿನಿಂದ ನಿಮ್ಮ ಕಿವಿ ಹಿಂಡಿದವಳು ನಾನೇ. ಇವತ್ತು ಅದಕ್ಕೊಂದು ವಿನಾಯಿತಿ ಕೊಡುತ್ತಿದ್ದೇನೆ. ನಿಮ್ಮ ಅಪ್ಪ ಎದೆ ಹಿಡಿದು ಕೂತು, ಮೈಯೆಲ್ಲ ಬೆವರುತ್ತಾ, "ಏನಿಲ್ಲ, ಗ್ಯಾಸು. ಜೀರಿಗೆ ಕಷಾಯ ಕೊಡಿ, ಬೆಳಗಾಗಲಿ ನೋಡೋಣ" ಅಂದರೆ ಕೇಳಬೇಡಿ. ಗದರಿದರೂ ಕೇಳಬೇಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ಆಯುಸ್ಸು ಕಳೆದವಳು ನಾನು. ಹೃದಯಾಘಾತವಾದವರನ್ನು ಹೊತ್ತು ತಂದವರಿಗೆ "ಯಾವಾಗ ಶುರುವಾಯ್ತು?" ಎಂದು ಕೇಳಿದರೆ "ನಿನ್ನೆ ರಾತ್ರಿಯಿಂದ" ಎಂಬ ಉತ್ತರ ಎಷ್ಟು ಸಲ ಬಂದಿದೆಯೋ. ರಾತ್ರಿಯಿಡೀ ಸೋಡಾ ಕುಡಿಸಿರುತ್ತಾರೆ, ಓಂಕಾಳು ಅಗಿಸಿರುತ್ತಾರೆ, ಬೆನ್ನಿಗೆ ಮುಲಾಮು ತಿಕ್ಕಿರುತ್ತಾರೆ. ಪ್ರೀತಿಗೇನೂ ಕೊರತೆ ಇರುವುದಿಲ್ಲ. ನಾವು ವಯಸ್ಸಾದವರು ನೋವನ್ನು ಮುಚ್ಚಿಡುತ್ತೇವೆ. ಅಪರಾತ್ರಿಯಲ್ಲಿ ನಿಮ್ಮ ನಿದ್ದೆ ಕೆಡಬಾರದು, ಖರ್ಚು ಬೀಳಬಾರದು, ನಾಳೆ ನಿಮಗೆ ಆಫೀಸಿದೆ. ಇದೆಲ್ಲದರ ಅಡಿಯಲ್ಲಿ ಆಸ್ಪತ್ರೆಗೆ ಹೋದರೆ ನಿಜವಾಗಿಬಿಡುತ್ತದೇನೋ ಎಂಬ ಹೆದರಿಕೆಯೂ ಇದೆ.

ಎದೆಯ ನಡುವೆ ಕಲ್ಲು ಹೇರಿದಂಥ ಭಾರ, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಏದುಸಿರು ಇವನ್ನು ಕಂಡರೆ ಏಳಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವಿಲ್ಲದೆ ಬರೀ ಸುಸ್ತು, ವಾಕರಿಕೆ, ಉಬ್ಬಸ ಇರಬಹುದು. ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸಲು ನನಗೂ ಬರುವುದಿಲ್ಲ. ಅದಕ್ಕೆ ಇಸಿಜಿ ಬೇಕು. ಮೊದಲ ಇಸಿಜಿಯಲ್ಲಿ ಕಾಣದೆ ಸ್ವಲ್ಪ ಹೊತ್ತಿನ ನಂತರದ್ದರಲ್ಲಿ ಕಾಣುವುದೂ ಉಂಟು, ಆದ್ದರಿಂದ ಡಾಕ್ಟರು ಇರಿ ಅಂದರೆ ಇರಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ಹೋದಾಗ ಇಡೀ ನಾಡು ಅತ್ತಿತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ಹೃದಯತಜ್ಞರು ಕೂತಲ್ಲಿಂದಲೇ ನೋಡುತ್ತಾರೆ. ಬೇಕೆಂದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಇಷ್ಟು ಹತ್ತಿರ ಬಂದಿರುವುದನ್ನು ಕಷಾಯ ಕಾಸುತ್ತಾ ಕಳೆದುಕೊಳ್ಳಬೇಡಿ.

108ಕ್ಕೆ ಫೋನ್ ಮಾಡಿದ ಮೇಲೆ, ಆಸ್ಪಿರಿನ್ ಒಗ್ಗದವರು ಮತ್ತು ರಕ್ತಸ್ರಾವದ ತೊಂದರೆ ಇರುವವರನ್ನು ಬಿಟ್ಟು ಉಳಿದವರಿಗೆ 300 ಮಿ.ಗ್ರಾಂ ಆಸ್ಪಿರಿನ್ ಅಗಿಯಲು ಕೊಡಬಹುದು. ನಾಲಿಗೆ ಕೆಳಗಿಡುವ ಮಾತ್ರೆಯನ್ನು ಪಕ್ಕದ ಮನೆಯಿಂದ ಬೇಡಿ ತಂದು ಕೊಡಬೇಡಿ, ಬಿಪಿ ದಿಢೀರನೆ ಇಳಿದುಬಿಡಬಹುದು. ನಡೆಸಲೂ ಬೇಡಿ. ಕುಸಿದು ಬಿದ್ದು, ಕರೆದರೆ ಓಗೊಡದೆ, ಉಸಿರೂ ಸರಿಯಾಗಿಲ್ಲದಿದ್ದರೆ, ಅಂಗೈ ಮೇಲೆ ಅಂಗೈ ಇಟ್ಟು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಎರಡಿಂಚು ಆಳಕ್ಕೆ, ಆಂಬುಲೆನ್ಸ್ ಬರುವ ತನಕ ಒತ್ತುತ್ತಲೇ ಇರಿ. ಪಕ್ಕೆಲುಬು ಮುರಿದೀತೆಂದು ಅಂಜಬೇಡಿ. ಇದನ್ನು ಓದಿ ಕಲಿಯಲಾಗದು, ಒಂದು ಭಾನುವಾರ ಕೊಟ್ಟು ಗೊಂಬೆಯ ಮೇಲೆ ಕೈಯಾರೆ ಕಲಿಯಿರಿ.

ನಿಮ್ಮಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿದ್ದೀರಿ, ಅಪ್ಪ ಅಮ್ಮ ಊರಲ್ಲಿ. ನಿಮಗೆ ಸುದ್ದಿ ಬರುವುದು ಫೋನಿನಲ್ಲಿ, ಅದೂ ಅರ್ಧ ನುಂಗಿಕೊಂಡು. "ಹೇಗಿದ್ದೀರಿ?" ಅಂದರೆ "ಚೆನ್ನಾಗಿದ್ದೀವಿ" ಎಂದೇ ಬರುತ್ತದೆ. ಬೆವರು ಇದೆಯಾ, ಉಸಿರು ಕಟ್ಟುತ್ತಾ ಎಂದು ಬಿಡಿಸಿ ಕೇಳಿ. ಮಾತು ತೊದಲುತ್ತಿದ್ದರೆ ಅದು ಲಕ್ವದ ಸೂಚನೆಯಿರಬಹುದು. ಪಕ್ಕದಲ್ಲಿದ್ದವರಿಗೆ ನೋಡಲು ಹೇಳಿ. ನಕ್ಕರೆ ಬಾಯಿ ಸೊಟ್ಟಗಾಗುತ್ತದಾ? ಎರಡೂ ಕೈ ಎತ್ತಿದರೆ ಒಂದು ಜಾರುತ್ತದಾ? ಇವುಗಳಲ್ಲಿ ಒಂದಿದ್ದರೂ ಹೊರಡಿಸಿ. ಹತ್ತು ನಿಮಿಷದಲ್ಲಿ ತಾನಾಗಿಯೇ ಸರಿಹೋದರೂ ಹೊರಡಿಸಿ.

ಹೆಪ್ಪು ಕರಗಿಸುವ ಔಷಧಿಗೆ ಲಕ್ವದಲ್ಲಿ ಸಿಗುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ, ಅದೂ ಸಿ.ಟಿ. ಸ್ಕ್ಯಾನ್ ಆದ ಮೇಲೆ. ಮೆದುಳಿನ ನಾಳ ಕಟ್ಟಿದರೂ ಒಡೆದರೂ ಹೊರಗೆ ಒಂದೇ ಥರ ಕಾಣುತ್ತದೆ. ಹಾಗಾಗಿ ಎದೆನೋವಿಗೆ ಕೊಟ್ಟ ಆಸ್ಪಿರಿನ್ ಇಲ್ಲಿ ಕೊಡಕೂಡದು. ನೀರೂ ಬೇಡ, ನುಂಗುವ ಶಕ್ತಿ ಹೋಗಿದ್ದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ಡಾಕ್ಟರು ಮೊದಲು ಕೇಳುತ್ತಾರೆ, ನೆನಪಿಟ್ಟುಕೊಳ್ಳಿ. ಪಾರಿವಾಳದ ರಕ್ತ ಹಚ್ಚಿಸುತ್ತಾ, ಎಣ್ಣೆ ತಿಕ್ಕಿಸುತ್ತಾ ಈ ನಾಲ್ಕೂವರೆ ಗಂಟೆ ಕೈಬಿಟ್ಟ ಮನೆಗಳನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡವರು ಊಟ ತಪ್ಪಿಸಿ ನಡುಗಿದರೆ, ಬೆವರಿದರೆ, ಏನೇನೋ ಮಾತಾಡಿದರೆ, ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆ ಕದಡಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಟ್ಟು ಫಲವಿಲ್ಲ. ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108. ಹಾವು ಕಡಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಆ ಕೈಕಾಲು ಅಲುಗದಂತೆ ಕರೆತನ್ನಿ. ನೆಲದ ಮೇಲೆ ಮಲಗಿದ್ದವರಿಗೆ ರಾತ್ರಿ ಕಟ್ಟುಹಾವು ಕಡಿದರೆ ಗಾಯ ಕಾಣದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋತುಬೀಳುತ್ತದೆ. ಅದನ್ನೂ ಗ್ಯಾಸು ಅನ್ನುವವರಿದ್ದಾರೆ.

108 ನಮ್ಮಲ್ಲಿ 2008ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಊರಿನ ಹೆಸರಿನ ಜೊತೆಗೆ ಗುರುತಿಗೆ ದೇವಸ್ಥಾನವನ್ನೋ ಹಾಲಿನ ಡೇರಿಯನ್ನೋ ಹೇಳಿ, ಅವರು ಇಡುವ ತನಕ ಫೋನ್ ಇಡಬೇಡಿ. ಗಾಡಿ ತಡವಾಗುತ್ತದೆ ಎಂದರೆ ಊರಲ್ಲಿ ಯಾರ ಕಾರಿದೆ, ಅಪರಾತ್ರಿಯಲ್ಲಿ ಓಡಿಸುವವರು ಯಾರು ಎಂಬುದನ್ನು ಈಗಲೇ ಮಾತಾಡಿಟ್ಟುಕೊಳ್ಳಿ. ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಮಾತ್ರೆಗಳ ಫೋಟೊ ತೆಗೆದುಕೊಳ್ಳಿ. ಇದೆಲ್ಲ ಈಗ ಯಾಕೆ ಎಂದು ಅವರು ಕೇಳಿದರೆ, ದೊಡ್ಡಮ್ಮ ಹೇಳಿದ್ದಾರೆ ಅಂತ ನನ್ನ ಹೆಸರು ಹೇಳಿ. ಎದೆನೋವಿಗೆ ಯಾವ ಆಸ್ಪತ್ರೆ, ಸಿ.ಟಿ. ಸ್ಕ್ಯಾನ್ ಇರುವುದು ಎಲ್ಲಿ ಎಂದು ವಿಚಾರಿಸಿ, ಆ ಹೆಸರುಗಳನ್ನೂ ಕಾರು ಓಡಿಸುವವರ ನಂಬರನ್ನೂ ದಪ್ಪಕ್ಷರದಲ್ಲಿ ಬರೆದು, ಅಪ್ಪ ಅಮ್ಮ ಫೋನ್ ಚಾರ್ಜಿಗೆ ಹಾಕುವ ಕಡೆ ಗೋಡೆಗೆ ಅಂಟಿಸಿ ಬನ್ನಿ.